ಹರಿದು ಹಾಕಿದ ಕಾಗದ

ಮಿಸಿಸಿಪಿ ಅಮೆರಿಕದ ಮಹಾನದಿ. ಅದರ ದಡದ ಹ್ಯಾನಿಬಲ್ ಎಂಬ ಸಣ್ಣ ಊರಿನಲ್ಲಿ ಬೆಳೆದ ಬಾಲಕನೊಬ್ಬನು ಮುಂದೆ ಮಾರ್ಕ್ ಟ್ವೇನ್ ಎಂಬ ಹೆಸರಿನಿಂದ ಜಗತ್ಪ್ರಸಿದ್ಧನಾದನು. ಆತನ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. 1835ರ ನವೆಂಬರ್ 30ರಂದು ಮಿಸೌರಿ ಸಂಸ್ಥಾನದಲ್ಲಿ ಆತನು ಜನಿಸಿದನು.

ಆ ಕಾಲದಲ್ಲಿ ಮಿಸೌರಿಯ ಕಾನೂನು ಗುಲಾಮಗಿರಿಯನ್ನು ಒಪ್ಪಿತ್ತು. ಕಪ್ಪು ಜನರನ್ನು ದನಕರುಗಳಂತೆ ಕೊಂಡು ಮಾರುತ್ತಿದ್ದರು. ಕ್ಲೆಮೆನ್ಸರ ಮನೆಯಲ್ಲಿಯೂ ಗುಲಾಮರಿದ್ದರು. ಅದು ತಪ್ಪೆಂದು ಬಾಲಕನಿಗೆ ಯಾರೂ ಹೇಳಲಿಲ್ಲ. ಆದರೆ ಬೇಸಗೆಯಲ್ಲಿ ಚಿಕ್ಕಮ್ಮನ ಹೊಲಮನೆಗೆ ಹೋದಾಗ ಡೇನಿಯಲ್ ಎಂಬ ಗುಲಾಮನು ಮಕ್ಕಳನ್ನು ಒಲೆಯ ಬಳಿ ಕೂರಿಸಿಕೊಂಡು ಕಥೆ ಹೇಳುತ್ತಿದ್ದನು. ಅವನ ಪ್ರೀತಿಯನ್ನು ಬಾಲಕನು ಮರೆಯಲಿಲ್ಲ.

1847ರಲ್ಲಿ ತಂದೆ ತೀರಿಕೊಂಡರು. ಬಾಲಕನು ಮುದ್ರಣಾಲಯ ಸೇರಿ ಅಚ್ಚುಮೊಳೆ ಜೋಡಿಸಲು ಕಲಿತನು. 1859ರಲ್ಲಿ ಉಗಿದೋಣಿ ನಡೆಸುವ ಪರವಾನಗಿ ಪಡೆದನು. ನೀರಿನ ಆಳ ಎರಡು ಮಾರು ಇದೆಯೆಂದು ಸಾರುವ ನಾವಿಕರ ಕೂಗೇ 'ಮಾರ್ಕ್ ಟ್ವೇನ್'. ಅದನ್ನೇ ಆತನು ತನ್ನ ಕಾವ್ಯನಾಮವಾಗಿಸಿಕೊಂಡನು. 1861ರಲ್ಲಿ ಅಂತರ್ಯುದ್ಧ ಆರಂಭವಾದಾಗ ಆತನೂ ಕೆಲವು ದಿನ ದಕ್ಷಿಣದ ಪಕ್ಷದ ಪಡೆಯೊಂದರಲ್ಲಿದ್ದು ಹಿಂದಿರುಗಿದನು. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಆದರೆ ಜನರ ಮನಸ್ಸಿನಿಂದ ಅದು ಅಳಿಯಲಿಲ್ಲ.

1870ರಲ್ಲಿ ಆತನು ಒಲಿವಿಯ ಲ್ಯಾಂಗ್ಡನ್‌ಳನ್ನು ವಿವಾಹವಾದನು. ಆಕೆಯ ತವರಿನವರು ಗುಲಾಮಗಿರಿಯ ವಿರೋಧಿಗಳು. ಆ ಬಂಧುಗಳ ಮನೆಯಲ್ಲಿ ಅಡುಗೆ ಮಾಡುತ್ತಿದ್ದ ಮೇರಿ ಆ್ಯನ್ ಕಾರ್ಡ್ ಹಿಂದೆ ಗುಲಾಮಳಾಗಿದ್ದವಳು. ತನ್ನ ಪತಿಯನ್ನೂ ಮಕ್ಕಳನ್ನೂ ಹರಾಜಿನಲ್ಲಿ ಮಾರಿದ ಸಂಗತಿಯನ್ನು ಆಕೆ ಒಂದು ಸಂಜೆ ಹೇಳಿದಳು. ಸದಾ ನಗುತ್ತಿದ್ದ ಆಕೆಯ ಒಡಲಲ್ಲಿ ಇಂಥ ದುಃಖವಿತ್ತೆಂದು ಆತನು ಎಣಿಸಿರಲಿಲ್ಲ. 1874ರಲ್ಲಿ ಅದನ್ನು ಕಥೆಯಾಗಿ ಪ್ರಕಟಿಸಿದನು.

ಹತ್ತು ವರ್ಷಗಳ ಬಳಿಕ 'ಹಕಲ್‌ಬೆರಿ ಫಿನ್' ಕಾದಂಬರಿ ಬೆಳಕು ಕಂಡಿತು. ಹಕ್ ಕುಡುಕ ತಂದೆಯ ಹೊಡೆತಕ್ಕೆ ಅಂಜಿ ಓಡಿಹೋದ ಹುಡುಗ. ಜಿಮ್ ತನ್ನನ್ನು ದೂರದೇಶಕ್ಕೆ ಮಾರುವರೆಂದು ತಿಳಿದು ತಪ್ಪಿಸಿಕೊಂಡ ಗುಲಾಮ. ಊರಿನಲ್ಲಿ ಇಬ್ಬರಿಗೂ ನೆಲೆಯಿಲ್ಲ. ನದಿಯ ಮೇಲಿನ ತೆಪ್ಪವೇ ಅವರ ಮನೆ. ಗುಲಾಮನಿಗೆ ನೆರವಾಗುವುದು ಕಳ್ಳತನ, ಪಾಪ ಎಂದು ಹಕ್‌ನಿಗೆ ಊರು ಕಲಿಸಿತ್ತು. ಆದ್ದರಿಂದ ಅವನು ಜಿಮ್‌ನ ಸುಳಿವು ನೀಡಲು ಒಡತಿಗೆ ಕಾಗದ ಬರೆಯುತ್ತಾನೆ. ಆದರೆ ತಾನು ಮಲಗಿರಲೆಂದು ಜಿಮ್ ತನ್ನ ಸರದಿಯನ್ನೂ ಕಾದದ್ದು ನೆನಪಾಗುತ್ತದೆ. ತನಗೆ ನರಕವೇ ಬಂದರೂ ಬರಲಿ ಎಂದು ಕಾಗದವನ್ನು ಹರಿದು ಹಾಕುತ್ತಾನೆ.

1885ರಲ್ಲಿ ಕಾಂಕರ್ಡ್ ನಗರದ ಗ್ರಂಥಾಲಯವು ಈ ಪುಸ್ತಕ ಒರಟೆಂದು ಅದನ್ನು ದೂರವಿಟ್ಟಿತು. ಮುಂದೆ ಬೇರೆ ಬಗೆಯ ಆಕ್ಷೇಪವೂ ಬಂದಿತು. ಕಪ್ಪು ಜನರನ್ನು ಹೀನಾಯಗೊಳಿಸುವ ಪದವು ಇದರಲ್ಲಿ ಇನ್ನೂರಕ್ಕೂ ಹೆಚ್ಚು ಬಾರಿ ಬರುತ್ತದೆ. ತರಗತಿಯಲ್ಲಿ ಅದನ್ನು ಕೇಳುವ ಕಪ್ಪು ಮಕ್ಕಳ ನೋವು ಸಣ್ಣದಲ್ಲ.

1896ರಲ್ಲಿ ಟ್ವೇನ್ ಭಾರತಕ್ಕೆ ಬಂದಿದ್ದನು. ಮುಂಬಯಿಯ ಹೋಟೆಲಿನಲ್ಲಿ ಐರೋಪ್ಯನೊಬ್ಬನು ಭಾರತೀಯ ಸೇವಕನ ಕೆನ್ನೆಗೆ ಹೊಡೆದನು. ಸೇವಕನು ಮೌನವಾಗಿ ಸಹಿಸಿದನು. ಟ್ವೇನನಿಗೆ ಕೂಡಲೇ ತನ್ನ ಬಾಲ್ಯದ ಊರೂ ಅಲ್ಲಿನ ಗುಲಾಮರೂ ಕಣ್ಣಮುಂದೆ ಬಂದರು. ಅರವತ್ತರ ವಯಸ್ಸಿನಲ್ಲಿಯೂ ಆ ಗಾಯ ಮಾಸಿರಲಿಲ್ಲ.

1910ರ ಏಪ್ರಿಲ್ 21ರಂದು ಆತನು ನಿಧನ ಹೊಂದಿದನು. ಹುಟ್ಟಿದ ಊರು ಕಲಿಸಿದ ತಪ್ಪು ಪಾಠವನ್ನು ಮರೆಯಲು ಮನುಷ್ಯನಿಗೆ ಅರ್ಧ ಆಯುಷ್ಯವೇ ಬೇಕಾಗಬಹುದು. ಹಕ್ ಒಂದು ಕ್ಷಣದಲ್ಲಿ ಹರಿದು ಹಾಕಿದ ಕಾಗದದ ಹಿಂದೆ ಅವನನ್ನು ಸೃಷ್ಟಿಸಿದವನ ಅಷ್ಟು ವರ್ಷಗಳ ಕಲಿಕೆಯಿತ್ತು.