ಪಾತ್ರಗಳ ಬಾಯಿಗೇ ಕಥೆ ಕೊಟ್ಟ ಖಾಂಡೇಕರ

ಮರಾಠಿಗೆ ಮೊದಲ ಜ್ಞಾನಪೀಠ ಪ್ರಶಸ್ತಿ ತಂದ ವಿ.ಸ. ಖಾಂಡೇಕರ ಹುಟ್ಟಿದ್ದು 1898ರ ಜನವರಿ 11ರಂದು ಸಾಂಗಲಿಯಲ್ಲಿ. ಹೆತ್ತವರು ಇಟ್ಟ ಹೆಸರು ಗಣೇಶ. ಸಂಬಂಧಿಕರ ಮನೆಗೆ ದತ್ತು ಹೋದ ಮೇಲೆ ವಿಷ್ಣು ಸಖಾರಾಮ ಆದರು. ಕಾಲೇಜು ಓದು ಅರ್ಧಕ್ಕೇ ನಿಂತಿತು.

1920ರಲ್ಲಿ ಕೊಂಕಣದ ಶಿರೋಡಾ ಎಂಬ ಸಣ್ಣ ಊರಿಗೆ ಶಾಲಾ ಮಾಸ್ತರರಾಗಿ ಹೋದರು. 18 ವರ್ಷ ಅಲ್ಲೇ ಕಳೆದರು. ಬಡತನವನ್ನು ಹತ್ತಿರದಿಂದ ಕಂಡ ಆ ದಿನಗಳಲ್ಲೇ ಕಾದಂಬರಿ ಬರೆಯಲು ಶುರು ಮಾಡಿದರು. ಅವರ ಆಗಿನ ನಾಯಕರು ಧ್ಯೇಯವಾದಿಗಳು, ತ್ಯಾಗಿಗಳು. ನಿಜ ಹೇಳಬೇಕೆಂದರೆ, ಆ ಪಾತ್ರಗಳು ಬಾಯಿ ತೆರೆದರೆ ಕೆಲವೊಮ್ಮೆ ಮಾಸ್ತರರ ದನಿಯೇ ಕೇಳುತ್ತದೆ.

ಮಾಸ್ಟರ್ ವಿನಾಯಕರ ಚಿತ್ರಗಳಿಗೆ ಕಥೆ ಬರೆಯಲೆಂದು 1938ರಲ್ಲಿ ಕೊಲ್ಹಾಪುರಕ್ಕೆ ಬಂದರು. ಆಮೇಲೆ ಇದೇ ಅವರ ಊರಾಯಿತು.

1959ರಲ್ಲಿ 'ಯಯಾತಿ' ಪ್ರಕಟವಾದಾಗ ಅವರಿಗೆ 61 ವರ್ಷ. ಮಗ ಪುರುವಿನ ಯೌವನ ಬೇಡಿ ಪಡೆದ ರಾಜನ ಕಥೆ ಗಡಿಭಾಗದ ಹಳ್ಳಿಗಳ ಪುರಾಣ ಕೇಳುಗರಿಗೆ ಹೊಸದೇನಲ್ಲ. ಖಾಂಡೇಕರರು ಮಾಡಿದ್ದೇನೆಂದರೆ, ಕಥೆ ಹೇಳುವ ಕೆಲಸವನ್ನು ತಾವು ಬಿಟ್ಟು ಯಯಾತಿ, ದೇವಯಾನಿ, ಶರ್ಮಿಷ್ಠೆ ಈ ಮೂವರಿಗೇ ಒಪ್ಪಿಸಿದರು. ಗಂಡ ಹೇಳಿದ್ದನ್ನು ಕೇಳಿ ಹೌದಲ್ಲ ಎಂದುಕೊಳ್ಳುವಷ್ಟರಲ್ಲಿ ಹೆಂಡತಿ ತನ್ನ ಕಡೆಯದನ್ನು ಹೇಳುತ್ತಾಳೆ. ಪಂಚರ ಮುಂದೆ ಮನೆಯ ಜಗಳ ಬಂದಂತೆ, ಯಾರ ಪರ ತೀರ್ಪು ಕೊಡುವುದೆಂದು ಓದುಗನೇ ತೊಳಲಾಡಬೇಕು. ಬರೀ ಜಂಬಗಾತಿಯಾಗಿ ಉಳಿಯಬಹುದಾಗಿದ್ದ ದೇವಯಾನಿಗೆ ಕಚನನ್ನು ಪ್ರೀತಿಸಿ ಕಳೆದುಕೊಂಡ ಗಾಯವೂ ಇದೆ. ದಾಸಿಯಾಗಿ ಬಂದ ರಾಜಕುಮಾರಿ ಶರ್ಮಿಷ್ಠೆಗೆ ಅವಳದೇ ಮನಸ್ಸಿದೆ.

ಮಹಾಭಾರತದಲ್ಲಿ ಸಂಜೀವಿನಿ ವಿದ್ಯೆ ಕಲಿತು ದೇವಲೋಕಕ್ಕೆ ಮರಳುವ ಕಚನನ್ನು ಅವರು ಅಲ್ಲಿಗೇ ಬಿಡಲಿಲ್ಲ, ಮತ್ತೆ ಮತ್ತೆ ಕಥೆಯೊಳಗೆ ಕರೆತಂದರು. ಯಯಾತಿಯ ಅಣ್ಣ ಯತಿ ದೇಹಸುಖವನ್ನೇ ದ್ವೇಷಿಸಿ ಓಡುತ್ತಾನೆ, ತಮ್ಮ ಅದರ ಹಿಂದೆಯೇ ಓಡುತ್ತಾನೆ. ಇವರಿಬ್ಬರ ನಡುವೆ ಸಂಯಮದ ಕಚ. ಹೀಗೆ ಒಂದು ಪಾತ್ರದ ಪಕ್ಕ ಇನ್ನೊಂದನ್ನು ನಿಲ್ಲಿಸಿಯೇ ಯಯಾತಿಯನ್ನು ಬೆಳೆಸಿದರು. ಕಚನ ಬಾಯಲ್ಲಿ ಉಪದೇಶ ತುಸು ಹೆಚ್ಚಾಯಿತು ಎಂಬುದು ಈ ಲೇಖಕನ ಅನಿಸಿಕೆ. ದೇವಯಾನಿಯಷ್ಟು ಆತ ಜೀವಂತವಾಗಿಲ್ಲ.

ಈ ಕೃತಿಗೆ 1960ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿ.ಎಂ. ಇನಾಮದಾರರು ಇದನ್ನು ಕನ್ನಡಕ್ಕೆ ತಂದರು. ಅದೇ ಹೊತ್ತಿಗೆ, 1961ರಲ್ಲಿ, ಗಿರೀಶ ಕಾರ್ನಾಡರ 'ಯಯಾತಿ' ನಾಟಕ ಕನ್ನಡದಲ್ಲಿ ಪ್ರಕಟವಾಯಿತು. ಅಲ್ಲಿ ಪುರುವಿನ ಹೆಂಡತಿ ಚಿತ್ರಲೇಖೆ ಎದ್ದು ಬಂದು ಮಾವನನ್ನೇ ಪ್ರಶ್ನಿಸುತ್ತಾಳೆ. ಎರಡೂ ಭಾಷೆ ಬಲ್ಲ ಗಡಹಿಂಗ್ಲಜ, ಇಚಲಕರಂಜಿ ಕಡೆಯವರು ಎರಡನ್ನೂ ಮೂಲದಲ್ಲೇ ಓದಿ ಹೋಲಿಸಬಹುದು. ಈ ಭಾಗ್ಯ ಬೆಂಗಳೂರಿನವರಿಗೂ ಇಲ್ಲ, ಪುಣೆಯವರಿಗೂ ಇಲ್ಲ!

1974ರ ಜ್ಞಾನಪೀಠ ಘೋಷಣೆಯಾಗುವ ವೇಳೆಗೆ ಖಾಂಡೇಕರರ ಕಣ್ಣು ಹೋಗಿತ್ತು. 1976ರ ಸೆಪ್ಟೆಂಬರ್ 2ರಂದು ಮಿರಜದಲ್ಲಿ ತೀರಿಕೊಂಡರು. ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಅವರ ಸ್ಮೃತಿ ಸಂಗ್ರಹಾಲಯವಿದೆ.

ಗಡಹಿಂಗ್ಲಜದ ನೆರೆಯ ಆಜರಾದಲ್ಲಿ ಹುಟ್ಟಿದ ಶಿವಾಜಿ ಸಾವಂತರು 1967ರಲ್ಲಿ 'ಮೃತ್ಯುಂಜಯ' ಬರೆದಾಗ ಕರ್ಣನ ಕಥೆಯನ್ನು ಹೇಳಲು ಕರ್ಣನ ಜೊತೆಗೆ ಕುಂತಿ, ದುರ್ಯೋಧನ, ವೃಷಾಲಿ, ಶೋಣ, ಕೃಷ್ಣ ಎಲ್ಲರನ್ನೂ ಕರೆದರು.