ಕೆಟ್ಟ ಹಾರ್ಡ್ ಡಿಸ್ಕ್ ಫ್ರೀಜರ್‌ನಲ್ಲಿಟ್ಟರೆ ಸರಿಹೋಗುತ್ತದೆಯೇ? ಡಿಸ್ಕ್ ಹುಟ್ಟಿಸಿದ ಮೇಷ್ಟ್ರ ಕತೆ ಓದಿ

ಕೆಟ್ಟುಹೋದ ಹಾರ್ಡ್ ಡಿಸ್ಕನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ, ಬೆಳಗ್ಗೆ ಫೋಟೋಗಳೆಲ್ಲ ವಾಪಸ್ ಸಿಗುತ್ತವೆ ಎಂಬ ಮೆಸೇಜ್ ನಿಮಗೂ ಬಂದಿರಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಏಕೆಂದು ತಿಳಿಯಲು, ಮೊದಲ ಡಿಸ್ಕ್ ಡ್ರೈವ್ ತಯಾರಿಸಿದ ತಂಡದ ಮುಖ್ಯಸ್ಥ ರೆನಾಲ್ಡ್ ಜಾನ್ಸನ್ ಅವರ ಬದುಕನ್ನು ನೋಡೋಣ.

1906ರಲ್ಲಿ ಅಮೆರಿಕದ ಮಿನ್ನೆಸೋಟದಲ್ಲಿ ಹುಟ್ಟಿದ ಜಾನ್ಸನ್ ಬಲು ತುಂಟ. ಅಕ್ಕಂದಿರನ್ನು ನೋಡಲು ಕಾರಿನಲ್ಲಿ ಬರುತ್ತಿದ್ದ ಹುಡುಗರ ಸ್ಪಾರ್ಕ್ ಪ್ಲಗ್ ಮೇಲೆ ಪೆನ್ಸಿಲ್‌ನಿಂದ ಗೀಚಿಬಿಡುತ್ತಿದ್ದರು. ಪೆನ್ಸಿಲ್ಲಿನ ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿದು ಕಿಡಿ ದಾರಿ ತಪ್ಪುತ್ತಿತ್ತು, ಕಾರು ಸ್ಟಾರ್ಟ್ ಆಗುತ್ತಿರಲಿಲ್ಲ! ಮುಂದೆ ಮಿಷಿಗನ್‌ನಲ್ಲಿ ಹೈಸ್ಕೂಲ್ ವಿಜ್ಞಾನ ಮೇಷ್ಟ್ರಾದಾಗ ಇದೇ ತಂತ್ರ ಬಳಸಿ, ಪೆನ್ಸಿಲ್ ಗುರುತು ಹಾಕಿದ ಉತ್ತರಪತ್ರಿಕೆಗೆ ತಾನೇ ಅಂಕ ಕೊಡುವ ಯಂತ್ರ ಮಾಡಿದರು. ಐಬಿಎಂ ಕಂಪನಿ 1934ರಲ್ಲಿ ಅವರನ್ನು ಕೆಲಸಕ್ಕೆ ಸೇರಿಸಿಕೊಂಡಿತು.

1952ರಲ್ಲಿ ಕಂಪನಿ ಅವರನ್ನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊಸ ಪ್ರಯೋಗಾಲಯ ತೆರೆಯಲು ಕಳಿಸಿತು. ಆಗ ಲೆಕ್ಕಪತ್ರಗಳೆಲ್ಲ ತೂತು ಹೊಡೆದ ಕಾರ್ಡುಗಳಲ್ಲಿರುತ್ತಿದ್ದವು. ಬೇಕಾದ ಒಂದನ್ನು ಹುಡುಕುವುದೇ ದೊಡ್ಡ ಕೆಲಸ. ಜಾನ್ಸನ್ ತಂಡ 24 ಇಂಚು ಅಗಲದ 50 ಅಲ್ಯೂಮಿನಿಯಂ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ನಿಮಿಷಕ್ಕೆ 1200 ಸುತ್ತು ತಿರುಗಿಸಿತು. ತಟ್ಟೆಗೆ ಬಳಿಯುವ ಕಬ್ಬಿಣದ ಆಕ್ಸೈಡ್ ಬಣ್ಣದಲ್ಲಿ ಗಂಟು ಉಳಿಯಬಾರದೆಂದು ಹೆಂಗಸರ ತೆಳು ಕಾಲುಚೀಲದಲ್ಲಿ ಸೋಸಿ, ಕಾಗದದ ಲೋಟದಿಂದ ಸುರಿಯುತ್ತಿದ್ದರು. ಮನೆಯಲ್ಲಿ ದೋಸೆ ಹುಯ್ದ ಹಾಗೆ! ಓದುವ ಹೆಡ್ ತಟ್ಟೆಗೆ ತಗುಲಿದರೆ ಬಣ್ಣ ಕಿತ್ತು ಮಾಹಿತಿಯೂ ಹೋಗುತ್ತದಲ್ಲ? ಅದಕ್ಕಾಗಿ ನಡುವೆ ಗಾಳಿ ಊದಿ ಹೆಡ್ಡನ್ನು ತೇಲಿಸಿದರು. 1956ರಲ್ಲಿ ಬಂದ ಆ ಯಂತ್ರದ ತೂಕ ಸುಮಾರು ಒಂದು ಟನ್, ಹಿಡಿಸುತ್ತಿದ್ದುದು 50 ಲಕ್ಷ ಅಕ್ಷರ. ಇಂದಿನ ಫೋನಿನ ಒಂದು ಫೋಟೋದಷ್ಟು!

1986ರಲ್ಲಿ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕ ಪಡೆದ ಜಾನ್ಸನ್, 1998ರಲ್ಲಿ 92ನೇ ವಯಸ್ಸಿನಲ್ಲಿ ತೀರಿಕೊಂಡರು.

ಈಗಿನ ಹಾರ್ಡ್ ಡಿಸ್ಕಿನಲ್ಲೂ ಹೆಡ್ ತೇಲುತ್ತಲೇ ಇರುತ್ತದೆ. ಆದರೆ ಅಂತರ ಕೆಲವೇ ನ್ಯಾನೋಮೀಟರ್; ಸಿಗರೇಟಿನ ಹೊಗೆಯ ಕಣವೂ ಅದಕ್ಕಿಂತ ದೊಡ್ಡದು. ಫ್ರಿಜ್‌ನಿಂದ ತೆಗೆದ ಬಾಟಲಿಯ ಮೇಲೆ ನೀರು ಕೂರುವುದನ್ನು ನೋಡಿದ್ದೀರಿ. ಫ್ರೀಜರ್‌ನಿಂದ ತೆಗೆದ ಡಿಸ್ಕಿನ ತಟ್ಟೆಗಳ ಮೇಲೂ ಅದೇ ರೀತಿ ತೇವ ಕೂರಬಹುದು. ಆಗ ಆನ್ ಮಾಡಿದರೆ ಉಳಿದಿದ್ದ ಮಾಹಿತಿಗೂ ಕುತ್ತು. ಹಳೆಯ ಡ್ರೈವ್‌ಗಳಲ್ಲಿ ಸಿಕ್ಕಿಕೊಂಡ ಭಾಗ ಚಳಿಗೆ ಕುಗ್ಗಿ ಬಿಡಿಸಿಕೊಂಡಿತು ಎನ್ನುವವರಿದ್ದಾರೆ. ಅದನ್ನು ನಂಬಿ ಮಗುವಿನ ಮೊದಲ ವರ್ಷದ ಫೋಟೋಗಳನ್ನು ಪಣಕ್ಕಿಡಬೇಕೇ?

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡಿದರೆ ತಕ್ಷಣ ಆಫ್ ಮಾಡಿ. ಮತ್ತೆ ಮತ್ತೆ ಆನ್ ಮಾಡಿ ನೋಡಬೇಡಿ, ಮುಚ್ಚಳವನ್ನಂತೂ ಬಿಚ್ಚಲೇಬೇಡಿ. ಒಳಗಿರುವುದು ಬೇಕೇ ಬೇಕೆಂದರೆ ಧೂಳಿಲ್ಲದ ಕ್ಲೀನ್ ರೂಮ್ ಇರುವ ಡೇಟಾ ರಿಕವರಿ ಲ್ಯಾಬ್‌ಗೆ ಕೊಡಿ. ಖರ್ಚು ಜಾಸ್ತಿ, ಸಿಕ್ಕೇ ಸಿಗುತ್ತದೆಂಬ ಖಾತ್ರಿಯೂ ಇಲ್ಲ. ಸದ್ದಿಲ್ಲದೆ ಬರೀ ನಿಧಾನವಾಗಿದ್ದರೆ, ರಿಪೇರಿ ಸಾಫ್ಟ್‌ವೇರ್ ಓಡಿಸುವ ಮೊದಲು ಮುಖ್ಯವಾದ ಫೈಲ್‌ಗಳನ್ನು ಬೇರೆಡೆಗೆ ಕಾಪಿ ಮಾಡಿಕೊಳ್ಳಿ. ಇನ್ನು ಹೊಸ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿಯಲ್ಲಿ ತಟ್ಟೆಯೂ ಇಲ್ಲ, ಹೆಡ್ಡೂ ಇಲ್ಲ. ಅದನ್ನು ಫ್ರೀಜರ್‌ನಲ್ಲಿಟ್ಟು ಬಿಡಿಸುವುದಾದರೂ ಏನನ್ನು?