ಎಡ್ ರಾಬರ್ಟ್ಸ್: ನೆರವು ಪಡೆಯುವವರೇ ಯಜಮಾನರು

ಕ್ಯಾಲಿಫೋರ್ನಿಯಾದಲ್ಲಿ ವೈದ್ಯನಾಗಿರುವ ನನಗೆ, ಈ ರಾಜ್ಯದವರೇ ಆದ ಎಡ್ ರಾಬರ್ಟ್ಸ್ ಅವರ ಬದುಕು ಪಠ್ಯಪುಸ್ತಕಗಳು ಕಲಿಸದ ಪಾಠವೊಂದನ್ನು ಕಲಿಸಿದೆ.

1939ರಲ್ಲಿ ಜನಿಸಿದ ಅವರಿಗೆ 14ನೆಯ ವಯಸ್ಸಿನಲ್ಲಿ ಪೋಲಿಯೊ ತಗುಲಿತು. ಕುತ್ತಿಗೆಯಿಂದ ಕೆಳಗೆ ದೇಹ ಬಹುತೇಕ ನಿಶ್ಚಲವಾಯಿತು. ರಾತ್ರಿಯ ಉಸಿರಿಗೆ ಉಕ್ಕಿನ ಶ್ವಾಸಯಂತ್ರವೇ ಆಸರೆಯಾಯಿತು. ಇವರು ಉದ್ಯೋಗಕ್ಕೆ ಯೋಗ್ಯರಲ್ಲವೆಂದು ರಾಜ್ಯದ ಪುನರ್ವಸತಿ ಇಲಾಖೆ ಮೊದಲು ಶಿಕ್ಷಣದ ನೆರವನ್ನು ನಿರಾಕರಿಸಿತು. ಆದರೂ 1962ರಲ್ಲಿ ಅವರು ಬರ್ಕ್ಲಿಯ ವಿಶ್ವವಿದ್ಯಾಲಯ ಸೇರಿದರು. ಆ ಭಾರದ ಯಂತ್ರಕ್ಕೆ ವಸತಿನಿಲಯಗಳಲ್ಲಿ ಎಡೆಯಿರದೆ, ಆವರಣದ ಕೋವೆಲ್ ಆಸ್ಪತ್ರೆಯೇ ಮನೆಯಾಯಿತು.

ಅಲ್ಲಿ ಅವರೂ ಸಹವಾಸಿಗಳೂ ತಮ್ಮ ಸಹಾಯಕರನ್ನು ತಾವೇ ಆರಿಸಿ, ಕೆಲಸ ಕಲಿಸಿ, ಒಗ್ಗದಿದ್ದರೆ ಬಿಡಿಸುವ ಕ್ರಮವನ್ನು ರೂಢಿಸಿದರು. ಏಳುವ ಹೊತ್ತು, ಉಣ್ಣುವ ಊಟ, ಹೊರಡುವ ದಾರಿ ಎಲ್ಲವೂ ಸೇವೆ ಪಡೆಯುವವರ ತೀರ್ಮಾನ. 1972ರಲ್ಲಿ ಬರ್ಕ್ಲಿಯಲ್ಲಿ ಸ್ಥಾಪಿತವಾದ ಸ್ವತಂತ್ರ ಜೀವನ ಕೇಂದ್ರ ಈ ತತ್ತ್ವವನ್ನು ಊರಿಗೇ ವಿಸ್ತರಿಸಿತು. 1975ರಲ್ಲಿ ರಾಬರ್ಟ್ಸ್ ಅದೇ ಪುನರ್ವಸತಿ ಇಲಾಖೆಯ ನಿರ್ದೇಶಕರಾದರು. 1995ರಲ್ಲಿ ನಿಧನರಾದರು.

ಇಂದು ಈ ರಾಜ್ಯದ ಗೃಹನೆರವು ಯೋಜನೆಯಲ್ಲಿ ಸಹಾಯಕರನ್ನು ಆರಿಸುವ ಹಕ್ಕು ಫಲಾನುಭವಿಯದೇ. ನನ್ನಲ್ಲಿಗೆ ಬರುವ ನಮ್ಮವರ ಕುಟುಂಬಗಳಲ್ಲಾದರೋ ಉತ್ತರಿಸುವವರು ಹೆಚ್ಚಾಗಿ ಮಗ, ಮಗಳು, ಸೊಸೆ; ಗಾಲಿಕುರ್ಚಿಯಲ್ಲಿರುವವರು ಮೌನಿ. ಅಕ್ಕರೆಯಲ್ಲಿ ಕೊರತೆಯಿಲ್ಲ, ಕೇಳುವುದರಲ್ಲಿದೆ. ಆದ್ದರಿಂದಲೇ ನನ್ನ ಮೊದಲ ಪ್ರಶ್ನೆ ಈಗ ಗಾಲಿಕುರ್ಚಿಯತ್ತ ತಿರುಗಿರುತ್ತದೆ.